ಜೆನ್ನಿಯ ಕಾರಿನ ಮೂಗು

'ಎಲ್ಮರ್ ಹಾಸ್ಕಿನ್ಸ್' ಹಡಗು, ಹ್ಯೂರಾನ್ ಸರೋವರ
14 ಏಪ್ರಿಲ್ 1993

ಲೆನ್ ಅವರಿಗೆ,

ಕಳೆದ ತಿಂಗಳು ಬಂದಾಗಲೇ ಹೇಳಬೇಕೆಂದಿದ್ದೆ. ಕಾರನ್ನು ಚಾಲೂ ಮಾಡಿ, ಕಾಫಿ ಕುಡಿದು, ಹೊರಟುಬಿಟ್ಟೆ. ಹೇಳಲಾಗಲಿಲ್ಲ.

ಅಮ್ಮನ ಕಾರನ್ನು ಮಾರುತ್ತಿದ್ದೇನೆ. ಎಂಜಿನಿಯರ್ ಪರವಾನಗಿಗೆ ಓದಬೇಕೆಂದರೆ ಒಂದು ವರ್ಷ ಹಡಗೂ ಸಂಬಳವೂ ಬಿಡಬೇಕು. ಎಂಜಿನ್ ಕೋಣೆಯಲ್ಲಿ ಎಣ್ಣೆ ಬಿಡುತ್ತಲೇ ಮುದುಕಿಯಾಗಲು ನನಗಿಷ್ಟವಿಲ್ಲ. ಟೊಲಿಡೋದ ಡಾಕ್ಟರ್ ಬ್ರುಬೇಕರ್ ಎಂಬವರು ಕೊಳ್ಳುತ್ತಾರೆ. ಕಿವಿ ಮೂಗು ಗಂಟಲಿನ ಡಾಕ್ಟರು. ಒಂದೇ ಷರತ್ತು: ಬಾನೆಟ್ಟಿನ ಮೇಲೆ ಎದ್ದುನಿಂತು ಎಂಜಿನ್ನಿಗೆ ಗಾಳಿ ಎಳೆಯುವ ಆ ಗಾಳಿಮೂಗು ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಕೆಲಸ ಮಾಡಬೇಕು. ಪಕ್ಕದ ಮನೆಯ ಸ್ಟ್ಯಾನ್ ಅದಕ್ಕೆ ತಗಡು ಬಡಿದು ಮುಚ್ಚಿದ್ದಾರಲ್ಲ, ಅದನ್ನು ಬಿಚ್ಚಿ ಸರಿಮಾಡಬೇಕು. ನಾನು ಜನವರಿಯ ತನಕ ನೀರಿನ ಮೇಲೆ. ನಿಮ್ಮ ಕೈಲಿ ಆಗುತ್ತದೆಯೇ? ಆಗದಿದ್ದರೆ ಸಂಕೋಚ ಬೇಡ, ಬೇರೆ ಯಾರಿಗಾದರೂ ಒಪ್ಪಿಸುತ್ತೇನೆ.

ಉತ್ತರವನ್ನು ಡೆಟ್ರಾಯಿಟ್ ಅಂಚೆ ದೋಣಿಗೆ ಹಾಕಿ. ನದಿಯಲ್ಲಿ ಹಾದುಹೋಗುವಾಗ ಹಗ್ಗಕ್ಕೆ ಬಕೆಟ್ ಕಟ್ಟಿ ಮೇಲೆಳೆದುಕೊಳ್ಳುತ್ತೇವೆ.

ರೊಂಡಾ ಕುಬಿಯಾಕ್


ವಯಾಂಡಾಟ್, ಮಿಷಿಗನ್
23 ಏಪ್ರಿಲ್ 1993

ಪ್ರೀತಿಯ ರೊಂಡಾ,

ಮನೆಗೆ ಬರೆಯುವಾಗ ಕೆಳಗೆ 'ಕುಬಿಯಾಕ್' ಎಂದು ಸೇರಿಸುವ ಶ್ರಮ ಯಾಕೆ ತೆಗೆದುಕೊಂಡೆ? ಹಡಗಿನಿಂದ ನನಗೆ ಪತ್ರ ಬರೆಯುವ ಬೇರೆ ರೊಂಡಾಗಳಿಲ್ಲ. ಇದ್ದಿದ್ದರೆ ನಿನ್ನ ಅಮ್ಮ ಸುಮ್ಮನೆ ಬಿಡುತ್ತಿದ್ದಳೇ?

ನನ್ನ ಕೈಲಿ ಆಗುತ್ತದೆಯೇ ಎಂದು ಕೇಳಿದ್ದೀಯ. ಹೈಸ್ಕೂಲಿನಲ್ಲಿ ತಲೆ ನೆರೆಯುವ ತನಕ ವ್ಯಾಕರಣ ಕಲಿಸಿದ ಕೈ ಇದು. ವಾಕ್ಯವನ್ನು ಬಿಚ್ಚಿ, ಹರಡಿ, ಮತ್ತೆ ಜೋಡಿಸುವುದು ಚೆನ್ನಾಗಿ ಗೊತ್ತು. ಜೋಡಿಸಿದ ಮೇಲೆ ಒಂದೆರಡು ಅವ್ಯಯ ಮಿಕ್ಕರೂ ವಾಕ್ಯ ಓಡುತ್ತದೆ. ಬೋಲ್ಟು ಮಿಕ್ಕರೆ ಕಾರು ಓಡುತ್ತದೋ ಇಲ್ಲವೋ ನೋಡಿಯೇಬಿಡೋಣ. ಬೇರೆಯವರಿಗೆ ಒಪ್ಪಿಸಬೇಡ. ಮೂಗಿನ ಡಾಕ್ಟರು ಕಾರು ಕೊಳ್ಳಲು ಬಂದು ಮೊದಲು ಮೂಗನ್ನೇ ಹಿಡಿದರೆಂದರೆ ಆಸಾಮಿ ಕೆಲಸದಲ್ಲಿ ಗಟ್ಟಿಗರೇ ಇರಬೇಕು. ಹಾರ್ನ್ ಒತ್ತಿ ಗಂಟಲನ್ನೂ ನೋಡುತ್ತಾರೇನೋ.

ಇದಕ್ಕೆ ಮಸಲ್ ಕಾರು ಎಂದು ಹೆಸರು. ಕಾಯುವವನಿಗೆ ಮಸಲ್ ಇಲ್ಲದಿದ್ದರೂ ಕಾರಿಗಿದೆ. ನಿನ್ನ ಅಪ್ಪ ಬಿಟ್ಟುಹೋದ ವರ್ಷ ಜೆನ್ನಿ ತನ್ನ ಸಂಬಳದಲ್ಲಿ ಕೊಂಡ ಹೊಚ್ಚ ಹೊಸ ಗಾಡಿ. ಅವಳನ್ನು ಮದುವೆಯಾಗಿ ನಾನು ಈ ಮನೆಗೆ ಬಂದಾಗ ನಿನಗೆ ಹದಿನೈದು, ಕಾರಿಗೆ ಒಂಬತ್ತು. ಮೂವರಲ್ಲಿ ನಾನೇ ಹೊಸಬ. ಇಬ್ಬರೂ ನನ್ನನ್ನು ಒಂದೇ ಥರ ನೋಡಿದಿರಿ: ಮುಖ ಬಿಗಿಹಿಡಿದುಕೊಂಡು.

ಓದು ಒಳ್ಳೆಯದು. ಮಾರು. ಕಾರು ನಿನ್ನದು, ಅಮ್ಮ ನಿನಗೇ ಬಿಟ್ಟುಹೋದದ್ದು. ಒಂದೇ ಒಂದು ವ್ಯಾಕರಣದ ಅನುಮಾನ. ಅವಳು ಹೋದ ಮೇಲೆ ಈ ಎರಡು ವರ್ಷ ನೀನು ಚಳಿಗಾಲವೆಲ್ಲ ಹೆಪ್ಪುಗಟ್ಟಿದ ಬಂದರಿನಲ್ಲಿ ನಿಂತ ಹಡಗು ಕಾಯುವ ಕೆಲಸ ಹಿಡಿದು, ವಸಂತದಲ್ಲಿ ಒಂದು ದಿನ ಬಂದದ್ದು ಆ ಎಂಜಿನ್ ಚಾಲೂ ಮಾಡುವುದಕ್ಕೆ. ನೀನು ಬರುವ 'ಕಾರಣ'ದಲ್ಲಿ ಮೂರರಲ್ಲಿ ಎರಡು ಪಾಲು ಕಾರೇ. ಅದನ್ನು ತೆಗೆದರೆ ಉಳಿಯುವುದು ಬರೀ 'ಣ'. ಆ ಅಕ್ಷರದಿಂದ ಯಾವ ಮಾತೂ ಶುರುವಾಗುವುದಿಲ್ಲ.

ತಮಾಷೆಗೆ ಅಂದೆ. ಮೊದಲು ಏನು ಬಿಚ್ಚಬೇಕು, ಬರಿ.

ಗ್ಯಾರೇಜಿನ ಹೊಸ ಶಿಷ್ಯ,
ಲೆನ್


ಸುಪೀರಿಯರ್ ಸರೋವರ
9 ಮೇ 1993

ಲೆನ್,

ತಗಡಿನ ರಿವೆಟ್ಟುಗಳ ತಲೆಯನ್ನು ಮಾತ್ರ ಡ್ರಿಲ್‌ನಿಂದ ಹಾರಿಸಿ. ಬಾನೆಟ್ಟಿಗೆ ಗಾಯವಾಗಬಾರದು. ಮೂಗಿನ ಒಳಗೆ ಒಂದು ಮುಚ್ಚಳವಿದೆ. ಅದರ ಪಕ್ಕದಲ್ಲಿ ಟ್ಯೂನಾ ಮೀನಿನ ಡಬ್ಬಿಯಂಥದ್ದು ಒಂದಿದೆ. ಎಂಜಿನ್ನಿನಿಂದ ಒಂದು ಸಣ್ಣ ಪೈಪು ಆ ಡಬ್ಬಿಗೆ ಬರುತ್ತದೆ. ಎಂಜಿನ್ ಗಾಳಿ ಹೀರುವ ಬಲದಿಂದಲೇ ಮುಚ್ಚಳ ಆಡುವುದು. ಡಬ್ಬಿಯೊಳಗಿನ ರಬ್ಬರ್ ಪೊರೆ ಹರಿದಿದ್ದರೆ ಡಬ್ಬಿಯನ್ನೇ ಬದಲಿಸಿ. ಬಾನೆಟ್ಟಿನ ಅಡಿಯಲ್ಲಿ ದಪ್ಪ ರಬ್ಬರ್ ಬಳೆ ಇದೆ. ಬಾನೆಟ್ ಮುಚ್ಚಿದಾಗ ಅದು ಏರ್ ಕ್ಲೀನರ್ ತಟ್ಟೆಯ ಮೇಲೆ ಸುತ್ತಲೂ ಕೂರಬೇಕು. ಕೂರದಿದ್ದರೆ ಹೊರಗಿನ ತಣ್ಣನೆ ಗಾಳಿಯ ಬದಲು ಎಂಜಿನ್ನಿನ ಬಿಸಿ ಗಾಳಿಯೇ ಒಳಗೆ ಹೋಗುತ್ತದೆ.

'ಣ' ಓದಿದೆ. ಎರಡು ಸಲ.

ರೊಂಡಾ


ವಯಾಂಡಾಟ್
6 ಜೂನ್ 1993

ಪ್ರೀತಿಯ ರೊಂಡಾ,

ರಿವೆಟ್ಟು ತೆಗೆಯುವ ಶುಭಕಾರ್ಯಕ್ಕೆ ಅವುಗಳನ್ನು ಬಡಿದವನೇ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದ. ಕೈಯಲ್ಲಿ ಬಿಯರು, ಬಾಯಲ್ಲಿ ಉಪದೇಶ.

"ಏನ್ ಪ್ರೊಫೆಸರ್ರೇ, ಡ್ರಿಲ್ಲನ್ನ ಸೀಮೆಸುಣ್ಣ ಹಿಡ್ದಂಗೆ ಹಿಡ್ದಿದೀರಲ್ಲ! ಬೋರ್ಡ್ ಮೇಲೆ ಬರೀತೀರೋ ತೂತು ಹೊಡೀತೀರೋ?"

"ಸ್ಟ್ಯಾನ್, ಇಷ್ಟು ರಿವೆಟ್ಟು ಯಾಕಯ್ಯ ಹೊಡ್ದೆ? ಇದು ಕಾರೋ ಜಲಾಂತರ್ಗಾಮಿಯೋ?"

"ಕೆಟ್ಟೋಗಿತ್ತು ಮಾರಾಯ್ರೇ! ಯಾವಾಗ ನೋಡಿದ್ರೂ ಮುಚ್ಚಳ ಬಾಯಿ ಬಿಟ್ಕೊಂಡು ಬಿದ್ದಿರೋದು. ಜೆನ್ನಿ ಕಾಯಿಲೆ ಬಿದ್ದಾಗ ಅಳಿಲು ಸಂಸಾರ ಹೂಡಿತ್ತಲ್ಲ ಅದ್ರೊಳಗೆ. ಉಪಕಾರ ಮಾಡಿದ್ರೆ ಇದೇ ಹಣೇಬರಹ."

ತಗಡು ಕಳಚಿದಾಗ ಓಕ್ ಮರದ ಕಾಯಿಗಳು ಬಳಬಳನೆ ಎಂಜಿನ್ನಿನ ಮೇಲೆ ಉದುರಿದವು. ಆ ಅಳಿಲು ಚಳಿಗಾಲಕ್ಕೆಂದು ಕೂಡಿಟ್ಟು, ಮರಳಿ ಬಂದು ನೋಡುವಾಗ ಬಾಗಿಲಿಗೆ ತಗಡು. ಯಾಕೋ ಬಹಳ ಹೊತ್ತು ಅದೇ ತಲೆಯಲ್ಲಿ ಕೊರೆಯಿತು. ಕಾಯಿಗಳನ್ನು ಮರದ ಬುಡಕ್ಕೆ ಸುರಿದು ಬಂದೆ. ವಾರಸುದಾರರಿದ್ದರೆ ತೆಗೆದುಕೊಳ್ಳಲಿ.

ಡಬ್ಬಿಯ ಪೊರೆ ಹರಿದಿದೆ. ಹೊಸದಕ್ಕೆ ಬರೆದಿದ್ದೇನೆ. ಮೂಗಿನೊಳಗೆ ಬ್ರಷ್ಷು ಹಾಕಿ ತಿಕ್ಕಿದಾಗ ಸೀನು ಬಂದದ್ದು ನನಗೆ, ಕಾರಿಗಲ್ಲ.

ಲೆನ್


ವಯಾಂಡಾಟ್
4 ಜುಲೈ 1993

ಪ್ರೀತಿಯ ರೊಂಡಾ,

ಜಯ! ಊರೆಲ್ಲ ಪಟಾಕಿ ಹೊಡೆಯುತ್ತಿದೆ. ದೇಶದ ಸ್ವಾತಂತ್ರ್ಯಕ್ಕೆಂದು ಅವರು ತಿಳಿದಿದ್ದಾರೆ, ನಿನ್ನ ಮೂಗಿಗೆಂದು ನನಗೆ ಗೊತ್ತು.

ಹೊಸ ಡಬ್ಬಿ ಕೂರಿಸಿದೆ. ಕೂರಿಸಿದೊಡನೆ ಮುಚ್ಚಳ ಮತ್ತೆ ಜೋತುಬಿದ್ದು ತೆರೆದುಕೊಂಡಿತು. "ನಾ ಅಂದಿದ್ನಲ್ಲ!" ಎಂದ ಸ್ಟ್ಯಾನ್, ಲಾಟರಿ ಹೊಡೆದವನ ಹಾಗೆ. ಇಬ್ಬರೂ ಸೇರಿ ಅದರ ಸ್ಪ್ರಿಂಗನ್ನು ಬಿಚ್ಚಿ ತಿರುಗಿಸಿ ಹಾಕಿದೆವು. ಈಗ ಮುಚ್ಚಳ ಗಟ್ಟಿಯಾಗಿ ಮುಚ್ಚಿ ನಿಂತಿದೆ. ಎಂಜಿನ್ ಚಾಲೂ ಮಾಡಿದರೂ ಮುಚ್ಚಿದೆ, ಗುರುಗುಟ್ಟಿಸಿದರೂ ಮುಚ್ಚಿದೆ. ಉಪವಾಸದ ಶುಕ್ರವಾರ ಸಾಸೇಜು ಕಂಡ ಪಾದ್ರಿಯ ಬಾಯಿ ಕೂಡ ಅಷ್ಟು ಭದ್ರವಾಗಿ ಮುಚ್ಚಿರುವುದಿಲ್ಲ.

ಸ್ಟ್ಯಾನ್‌ನ ಹೆಂಡತಿ ಡೊಲೊರೆಸ್ ಪಿಯರೋಗಿ ಕಡುಬು ಕಳಿಸಿದ್ದಳು. ಗಂಡನ ಸಾಧನೆಗೆ ಅವಳ ಕಾಣಿಕೆ.

ವಿಜಯಿ,
ಲೆನ್


ಡುಲೂತ್ ಬಂದರು
15 ಜುಲೈ 1993

ಲೆನ್,

ನಿಮ್ಮ ಪತ್ರವನ್ನು ಎಂಜಿನ್ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಚೀಫ್ ಎಂಜಿನಿಯರ್ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ತಪ್ಪು ನನ್ನದೇ. ಇದೊಂದನ್ನು ಹೇಳಬೇಕಾದೀತು ಎಂದು ನನಗೆ ಹೊಳೆಯಲೇ ಇಲ್ಲ.

ಅದು ಕೆಟ್ಟಿರಲಿಲ್ಲ. ಎಂದೂ ಕೆಟ್ಟಿರಲಿಲ್ಲ. ಕಾರು ನಿಂತಿರುವಾಗ ಆ ಮುಚ್ಚಳ ತೆರೆದೇ ಇರಬೇಕು. ಎಂಜಿನ್ ಚಾಲೂ ಆದರೆ ಅದು ಹೀರುವ ಬಲಕ್ಕೆ ಮುಚ್ಚಿಕೊಳ್ಳುತ್ತದೆ. ನಿಧಾನವಾಗಿ ಓಡಿಸುವಷ್ಟು ಹೊತ್ತೂ ಮುಚ್ಚಿಯೇ ಇರುತ್ತದೆ. ಆಕ್ಸಿಲರೇಟರನ್ನು ತಳಮುಟ್ಟ ತುಳಿದಾಗ ಆ ಹೀರುವ ಬಲ ಬಿದ್ದುಹೋಗುತ್ತದೆ. ಆಗ ಸ್ಪ್ರಿಂಗು ಮುಚ್ಚಳವನ್ನು ತೆರೆದುಬಿಡುತ್ತದೆ, ತಣ್ಣನೆ ಗಾಳಿ ನುಗ್ಗುತ್ತದೆ. ಸ್ಟ್ಯಾನ್ ನಿಂತ ಕಾರನ್ನು ನೋಡಿ ಕೆಟ್ಟಿದೆ ಎಂದರು, ಅಷ್ಟೇ.

ಸ್ಪ್ರಿಂಗನ್ನು ಮೊದಲಿದ್ದ ಹಾಗೆ ಹಾಕಿ. ಆಮೇಲೆ ಎಂಜಿನ್ ಆರಿಸಿ, ಸಣ್ಣ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಹೀರಿ, ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಮುಚ್ಚಳ ಮುಚ್ಚಿ ಹಾಗೇ ನಿಂತರೆ ಎಲ್ಲ ಸರಿ. ಮಾತಾಡಿದರೆ ತೆರೆದುಕೊಳ್ಳುತ್ತದೆ. ನಿಮಗೆ ಕಷ್ಟವಾಗಬಹುದು.

ರೊಂಡಾ

ಅಮ್ಮ ಪೂರ್ತಿ ತುಳಿದಾಗ ಅದು ತೆರೆಯುವುದನ್ನು ನೀವು ಎಂದೂ ನೋಡಿಲ್ಲವೇ?


ವಯಾಂಡಾಟ್
22 ಆಗಸ್ಟ್ 1993

ಪ್ರೀತಿಯ ರೊಂಡಾ,

ಪೈಪು ಹೀರಿದೆ. ಮುಚ್ಚಳ ನಿಂತಿತು. ನಾನು ಮೌನವಾಗಿದ್ದ ಆ ಒಂದು ನಿಮಿಷವನ್ನು ಸ್ಟ್ಯಾನ್ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ.

ಉಳಿದದ್ದು ರಬ್ಬರ್ ಬಳೆ. ಅದು ತಟ್ಟೆಯ ಮೇಲೆ ಸುತ್ತಲೂ ಕೂರುತ್ತದೆಯೇ ಎಂದು ನೋಡುವುದು ಹೇಗೆ? ಬಾನೆಟ್ ಮುಚ್ಚಿದ ಮೇಲೆ ಒಳಗೆ ಹೊಕ್ಕು ನೋಡಲಾಗುವುದಿಲ್ಲ. "ಬಳೆಗೆ ಏನಾದ್ರೂ ಬಣ್ಣ ಬಳೀರಿ, ಬಾನೆಟ್ ಮುಚ್ಚಿ, ತೆಗೀರಿ. ಎಲ್ಲಿ ಅಂಟಿಲ್ವೋ ಅಲ್ಲಿ ಸಂದು," ಎಂದ ಸ್ಟ್ಯಾನ್. ಅವನು ಹೇಳಿದ್ದರಲ್ಲಿ ಇದೊಂದು ನಿಜವಾಯಿತು. ಸೀಮೆಸುಣ್ಣ ಹುಡುಕಿದೆ. ವ್ಯಾಕರಣದ ಮೇಷ್ಟರ ಮನೆಯಲ್ಲಿ ಒಂದು ತುಂಡು ಸೀಮೆಸುಣ್ಣವಿಲ್ಲ. ಮಹಡಿಗೆ ಹೋದೆ. ಕನ್ನಡಿಯ ಕೆಳಗಿನ ಡ್ರಾಯರನ್ನು ನಾನು ತೆಗೆಯದೆ ಬಹಳ ದಿನವಾಗಿತ್ತು. ಜೆನ್ನಿಯ ಲಿಪ್‌ಸ್ಟಿಕ್ ಅಲ್ಲೇ ಇತ್ತು, ಆ ಗಾಢ ಕೆಂಪು. ಕೆಲಸದ ಪಾಳಿಗೆ ಹೋಗುವಾಗಲೂ ಹಚ್ಚಿಕೊಂಡೇ ಹೋಗುತ್ತಿದ್ದಳಲ್ಲ.

ಬಳೆಗೆ ಸುತ್ತಲೂ ಹಚ್ಚಿ ಬಾನೆಟ್ ಮುಚ್ಚಿದೆ. ತೆರೆದು ನೋಡಿದರೆ ತಟ್ಟೆಯ ಮೇಲೆ ದೊಡ್ಡದೊಂದು ಮುತ್ತು. ಎಡಗಡೆ ಎರಡು ಬೆರಳಷ್ಟು ಜಾಗದಲ್ಲಿ ಮಾತ್ರ ಅಂಟಿರಲಿಲ್ಲ. ಅವಳು ನಗುತ್ತಾ ಮುತ್ತು ಕೊಟ್ಟರೆ ಹೀಗೇ ಒಂದು ಬದಿ ತಪ್ಪಿಹೋಗುತ್ತಿತ್ತು.

ಬಳೆಯ ಹಿಂದೆ ತೆಳು ಪಟ್ಟಿ ಕೊಟ್ಟು ಸಂದನ್ನು ಸರಿಮಾಡಬೇಕು. ಅದಕ್ಕೆ ಮೊದಲು ತಟ್ಟೆ ಒರೆಸಬೇಕು. ಬಟ್ಟೆ ಹಿಡಿದುಕೊಂಡು ಹೋಗುತ್ತೇನೆ, ಹಾಗೇ ವಾಪಸು ಬರುತ್ತೇನೆ. ಪಟ್ಟಿ ಇನ್ನೂ ಅಂಗಡಿಯಿಂದ ಬಂದಿಲ್ಲ. ಬಂದ ಮೇಲೆ ನೋಡೋಣ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ನೋಡಿಲ್ಲ. ಅವಳು ತುಳಿಯುತ್ತಾಳೆಂದು ಗೊತ್ತಾದೊಡನೆ ನಾನು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವಳ ನಗುವಷ್ಟೇ ಕೇಳುತ್ತಿತ್ತು.

ಲೆನ್


ಸೂ ಲಾಕ್ಸ್
10 ಸೆಪ್ಟೆಂಬರ್ 1993

ಲೆನ್,

ಒರೆಸಬೇಡಿ. ಡಾಕ್ಟರು ಕೇಳಿದರೆ ಕಾರ್ಖಾನೆಯ ಮೊಹರು ಅನ್ನಿ.

ಡೊಲೊರೆಸ್ ಆಂಟಿ ನನಗೂ ಕಾರ್ಡು ಬರೆಯುತ್ತಾರೆ, ಗೊತ್ತಿರಲಿ. ಪಟ್ಟಿ ಬಂದು ಮೂರು ವಾರವಾಯಿತಂತೆ. ನಿಮ್ಮ ಅಡುಗೆಮನೆಯಲ್ಲಿ ಟೋಸ್ಟರಿನ ಹಿಂದೆ ಇದೆಯಂತೆ.

ನಾನು ಅವಸರ ಮಾಡುತ್ತಿಲ್ಲ. ಆದರೆ ಜನವರಿಯ ಹೊತ್ತಿಗೆ ಕಾಲೇಜಿಗೆ ಹೆಸರು ಕೊಡದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಚೀಫ್ ಪುಸ್ತಕ ಕೊಟ್ಟಿದ್ದಾರೆ. ಪಾಳಿ ಮುಗಿದ ಮೇಲೆ ಬಾಯ್ಲರಿನ ಪಕ್ಕ ಕೂತು ಓದುತ್ತಿದ್ದೇನೆ. ನನಗೆ ಇದು ಬೇಕು, ಲೆನ್. ಬೇರೆ ಯಾವುದನ್ನೂ ಇಷ್ಟು ಬಯಸಿದ್ದು ನೆನಪಿಲ್ಲ.

ಅಕ್ಟೋಬರ್ ಮೂರನೇ ಭಾನುವಾರ ಡಾಕ್ಟರು ಬರುತ್ತಾರೆ.

ರೊಂಡಾ


ವಯಾಂಡಾಟ್
17 ಅಕ್ಟೋಬರ್ 1993

ಪ್ರೀತಿಯ ರೊಂಡಾ,

ಪಟ್ಟಿ ಅಂಟಿಸಿದೆ. ಟೋಸ್ಟರು ನಿರಪರಾಧಿ, ಬೈಯುವುದಿದ್ದರೆ ನನ್ನನ್ನು ಬೈ.

ಇವತ್ತು ಚರ್ಚಿನಿಂದ ಬರುವಷ್ಟರಲ್ಲಿ ಡಾಕ್ಟರ್ ಬ್ರುಬೇಕರ್ ಬಂದು ನಿಂತಿದ್ದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಪುಟ್ಟ ಟಾರ್ಚು. ಗ್ಯಾರೇಜಿಗೆ ಹೋದವರೇ ನೇರವಾಗಿ ಮೂಗಿಗೆ ಟಾರ್ಚು ಬಿಟ್ಟರು. ಅವರ ಮುಖ ಸಣ್ಣದಾಯಿತು. ನನ್ನತ್ತ ತಿರುಗಿದರು.

"ಅಯ್ಯೋ, ಮುಚ್ಚಳ ಜೋತುಬಿದ್ದಿದೆಯಲ್ಲ, ಮಿಸ್ಟರ್ ಸಿಕೋರಾ. ರಿಪೇರಿ ಆಗಿದೆ ಅಂದಿದ್ರು."

ಸ್ಟ್ಯಾನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. "ಪಾಪ, ಬಹಳ ಕಷ್ಟಪಟ್ಟಿದೀರಿ ಅಂತ ಕಾಣುತ್ತೆ. ಆದ್ರೆ ಕೆಲ್ಸ ಮಾಡ್ದೆ ಇರೋದನ್ನ ನಾನೇನ್ ಮಾಡ್ಲಿ?" ಎಂದು ಡಾಕ್ಟರು ಟಾರ್ಚು ಆರಿಸಿ ಜೇಬಿಗೆ ಹಾಕಿದರು. ಕೋಟಿನ ಗುಂಡಿ ಹಾಕಿಕೊಂಡರು. ನಾನು ಸುಳ್ಳು ಹೇಳಬೇಕಾಗಿರಲಿಲ್ಲ, ರೊಂಡಾ. ಸುಮ್ಮನಿದ್ದರೆ ಸಾಕಿತ್ತು. ಅವರು ಹೋಗುತ್ತಿದ್ದರು, ಕಾರು ಇರುತ್ತಿತ್ತು, ಮಾರ್ಚಿನಲ್ಲಿ ನೀನು ಬರುತ್ತಿದ್ದೆ. ಸ್ಟ್ಯಾನ್ ಕೂಡ ಬಾಯಿ ಬಿಡಲಿಲ್ಲ. ಅವನಿಗೂ ಅರ್ಥವಾಗಿತ್ತು. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ನೀನು ಬಾಯ್ಲರಿನ ಪಕ್ಕ ಪುಸ್ತಕ ಹಿಡಿದು ಕೂತದ್ದು ಕಣ್ಣಿಗೆ ಬಂತು. ನೀನು ಅದನ್ನು ಬರೆಯಬಾರದಿತ್ತು.

"ಕೂತ್ಕೊಳ್ಳಿ ಡಾಕ್ಟ್ರೇ," ಎಂದೆ. "ಮೂಗು ಚೆನ್ನಾಗೇ ಇದೆ. ನಿದ್ದೆಯಲ್ಲಿದೆ, ಅಷ್ಟೇ. ಎಬ್ಬಿಸ್ತೀನಿ."

ಎಂಜಿನ್ ಚಾಲೂ ಆಯಿತು. ಮುಚ್ಚಳ ಟಪ್ಪನೆ ಮುಚ್ಚಿಕೊಂಡಿತು. ಡಾಕ್ಟರು "ಆಹಾ" ಎಂದರು. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಆದರೆ ಅರ್ಧ ವಾಕ್ಯ ಬರೆದು ಬಿಡುವ ಅಭ್ಯಾಸ ನನಗಿಲ್ಲ. ಉಕ್ಕಿನ ಕಾರ್ಖಾನೆಯ ಹಿಂದಿನ ಉದ್ದ ರಸ್ತೆಗೆ ಹೋದೆವು. ಭಾನುವಾರ, ಒಂದು ನಾಯಿಯೂ ಇರಲಿಲ್ಲ. ಡಾಕ್ಟರು ಪಕ್ಕದಲ್ಲಿ, ಸ್ಟ್ಯಾನ್ ಹಿಂದೆ ಮಡಚಿಕೊಂಡು.

"ಪ್ರೊಫೆಸರ್ರೇ, ಈ ಸ್ಪೀಡಲ್ಲಿ ಹೋದ್ರೆ ಮುಚ್ಚಳ ಅಲ್ಲ, ಆಕಳಿಕೆ ಬಂದು ನನ್ನ ಬಾಯಿ ತೆರ್ಕೊಳ್ಳುತ್ತೆ. ತುಳೀರಿ!"

ತುಳಿದೆ. ತಳ ಮುಟ್ಟುವ ತನಕ. ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ.

ಕಾರು ಹಿಂದಕ್ಕೆ ಕುಕ್ಕರಿಸಿ ಮುಂದಕ್ಕೆ ಹಾರಿತು. ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಹೊರಟಿತು. ಸ್ಟೀರಿಂಗ್ ಹಿಡಿದವನು ಕಣ್ಣು ಮುಚ್ಚುವಂತಿಲ್ಲವಲ್ಲ! ಹಾಗಾಗಿ ನೋಡಿದೆ. ಬಾನೆಟ್ಟಿನ ಮೇಲೆ ಮುಚ್ಚಳ ಒಂದೇ ಏಟಿಗೆ ತೆರೆದುಕೊಂಡಿತು. ಅದರೊಳಗಿಂದ ಒಂದು ಸದ್ದು ಬಂತು. ಬಹಳ ಹೊತ್ತು ನೀರೊಳಗಿದ್ದವರು ಮೇಲೆ ಬಂದು ಎಳೆದುಕೊಳ್ಳುವ ಉಸಿರಿನಂಥದ್ದು. ನಾನು ನಕ್ಕೆನಂತೆ. ನನಗೆ ಗೊತ್ತಿಲ್ಲ, ಸ್ಟ್ಯಾನ್ ಹೇಳಿದ. ಜೋರಾಗಿ ನಕ್ಕೆನಂತೆ, ಅವಳ ಥರವೇ.

ಡಾಕ್ಟರು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಿಂತ ಮೇಲೆ, "ನನ್ನ ಹೆಂಡತಿಗೆ ಹೇಳ್ಬೇಡಿ," ಎಂದರು. ಕೊಂಡರು.

ಬುಧವಾರ ಒಯ್ಯುತ್ತಾರೆ. ತಟ್ಟೆ ಒರೆಸಿಲ್ಲ.

ಓದು. ಚೆನ್ನಾಗಿ ಓದು.

ಲೆನ್


ವಯಾಂಡಾಟ್
5 ಡಿಸೆಂಬರ್ 1993

ಪ್ರೀತಿಯ ರೊಂಡಾ,

ನವೆಂಬರಿನ ಬಿರುಗಾಳಿಗಳ ಸುದ್ದಿ ರೇಡಿಯೋದಲ್ಲಿ ಕೇಳಿದೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಓದಿನ ಗಡಿಬಿಡಿ ಇರಬೇಕು. ಕಳೆದ ವಾರ ನಿನ್ನ ಹಡಗು ನದಿಯಲ್ಲಿ ಹಾದುಹೋಗುವಾಗ ದಡದ ಪಾರ್ಕಿನಲ್ಲಿ ನಿಂತು ಟೋಪಿ ಬೀಸಿದೆ. ಹಿಂಭಾಗದಲ್ಲಿ ಯಾರೋ ಕೈ ಬೀಸಿದರು. ನೀನಲ್ಲದಿದ್ದರೆ ಅಡುಗೆಯವನಿಗೆ ನನ್ನ ನಮಸ್ಕಾರ ತಿಳಿಸು.

ಗ್ಯಾರೇಜು ಖಾಲಿ. ಸ್ಟ್ಯಾನ್ ತನ್ನ ದೋಣಿ ತಂದಿಡಲೇ ಎಂದು ಕೇಳಿದ. ಬೇಡ ಎಂದೆ. "ಯಾಕೆ, ಏನ್ ಇಡ್ತೀರಿ ಅಲ್ಲಿ?" ಎಂದ. ಗೊತ್ತಿಲ್ಲ ಎಂದೆ. ಗುಡಿಸಿಟ್ಟಿದ್ದೇನೆ.

ಈ ಚಳಿಗಾಲವೂ ಹಡಗು ಕಾಯುವುದಾದರೆ ವಿಳಾಸ ತಿಳಿಸು. ಕ್ರಿಸ್‌ಮಸ್ಸಿಗೆ ಉಣ್ಣೆ ಕಾಲುಚೀಲ ತೆಗೆದಿಟ್ಟಿದ್ದೇನೆ, ಅಂಚೆಯಲ್ಲಿ ಕಳಿಸುತ್ತೇನೆ.

ಲೆನ್


ಈರಿ ಸರೋವರ
3 ಜನವರಿ 1994

ಪ್ರೀತಿಯ ಲೆನ್,

ಕಾಲುಚೀಲ ಕಳಿಸಬೇಡಿ.

ನಿಮ್ಮ ಅಕ್ಟೋಬರಿನ ಪತ್ರಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ನೀವು ಡಾಕ್ಟರ ಮುಂದೆ ಸುಮ್ಮನೆ ನಿಂತಿದ್ದ ಜಾಗಕ್ಕೆ ಬಂದಾಗಲೆಲ್ಲ ಪೆನ್ನು ಕೆಳಗಿಡುತ್ತಿದ್ದೆ. ಅಂದು ಹಡಗಿನಿಂದ ಕೈ ಬೀಸಿದ್ದು ನಾನೇ. ಅಡುಗೆಯವನಿಗೆ ನಿಮ್ಮ ನಮಸ್ಕಾರ ಮುಟ್ಟಿಸಿದೆ, ಅವನು ಗೊಂದಲದಲ್ಲಿದ್ದಾನೆ.

ಕಾಲೇಜು ಮಾರ್ಚಿನಲ್ಲಿ ಶುರು. ಹಡಗು ಕಾಯುವ ಕೆಲಸ ಈ ಸಲ ಬೇಡವೆಂದೆ. ಬರುವ ಶನಿವಾರ ನಾವು ಟೊಲಿಡೋದಲ್ಲಿ ಹಡಗು ಕಟ್ಟುತ್ತೇವೆ. ಮಾರ್ಚಿನ ತನಕ ಮನೆಯಲ್ಲಿರುತ್ತೇನೆ. ಚಾಲೂ ಮಾಡಲು ಕಾರಿಲ್ಲ, ನೋಡಿಕೊಳ್ಳಲು ಬೇರೆ ಏನೂ ಇಲ್ಲ, ಸುಮ್ಮನೆ ಬರುತ್ತಿದ್ದೇನೆ. ಯಾಕೆಂದು ಸ್ಟ್ಯಾನ್ ಕೇಳಿದರೆ ನೀವೇ ಏನಾದರೂ ಹೇಳಿಕೊಳ್ಳಿ, ನಿಮಗೆ ಮಾತಿಗೆ ಬರವೇ?

ಒಂದು ತೊಂದರೆ. ನನ್ನ ಹತ್ತಿರ ಈಗ ಕಾರಿಲ್ಲ. ಎರಡು ಚೀಲ, ಒಂದು ಪೆಟ್ಟಿಗೆ ಪುಸ್ತಕ ಇದೆ. ನೀವೇ ಬಂದು ಕರೆದುಕೊಂಡು ಹೋಗಬೇಕು. ನಿಮ್ಮ ವ್ಯಾಗನ್ ಕಾರು, ನಿಮ್ಮ ವೇಗ ಎರಡನ್ನೂ ಲೆಕ್ಕ ಹಾಕಿದರೆ ಪತ್ರ ಕೈಗೆ ಸಿಕ್ಕ ಕೂಡಲೇ ಹೊರಡುವುದು ಒಳ್ಳೆಯದು.

ಬಂದರಿನ ಧಕ್ಕೆಯ ಗೇಟಿನಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹಡಗಿನ ಹೆಸರು, ಕಂಪನಿಯ ಹೆಸರು ಏನು ಹೇಳಿದರೂ ಅವನು ಜಗ್ಗುವುದಿಲ್ಲ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಅನ್ನಿ. ಬಿಡುತ್ತಾನೆ.

ರೊಂಡಾ